ಹಳೇ ಚೀಟಿ ತೆರೆಯಲಿಲ್ಲ, ಹೊಸದು ತೆರೆಯಿತು

ಮಂಡ್ಯದ ಒಂದು ಬೆಲ್ಲದ ಮಂಡಿಗೆ ತೂಕದ ಚೀಟಿ ಇಡುವ ಜಾವಾ ವೆಬ್ ಅಪ್ಲಿಕೇಶನ್ ಬರೆದಿದ್ದೆ. ಮೊದಲು ವಿಂಡೋಸ್‌ನಲ್ಲಿ ಓಡುತ್ತಿತ್ತು. ಆಮೇಲೆ ಅವರ ಆಫೀಸಿಗೇ ಲಿನಕ್ಸ್ ಸರ್ವರ್ ಬಂತು. ಫೈಲು, ಡೇಟಾಬೇಸ್ ಎಲ್ಲ ಕಾಪಿ ಮಾಡಿ ಮೈಸೂರಿಗೆ ವಾಪಸ್ ಬಂದೆ. ಮಾರನೇ ದಿನ ಗುಮಾಸ್ತರ ಫೋನ್: "ಸಾರ್, ಹಳೇ ಚೀಟಿ ಒಂದೂ ಓಪನ್ ಆಗ್ತಿಲ್ಲ. ಇವತ್ತು ಮಾಡಿದ್ದು ಮಾತ್ರ ಬತ್ತದೆ."

ಹಳೇ ಚೀಟಿ ಇಲ್ಲದೆ ರೈತರ ಲೆಕ್ಕ ಚುಕ್ತಾ ಆಗಲ್ಲ. ಬೆಳಿಗ್ಗೆಯೇ ಟ್ರೈನ್ ಹತ್ತಿದೆ.

ಸರ್ವರ್ ಮುಂದೆ ಕೂತು ನೋಡಿದರೆ, ಜುಲೈ ಫೋಲ್ಡರ್ ಒಳಗೆ ಹಳೇ ಫೈಲುಗಳು ಸರಿಯಾಗೇ ಇವೆ. ಅದರ ಹೊರಗಡೆ ಇನ್ನೊಂದು ಫೈಲು. ಅದರ ಹೆಸರೇ 'ಚೀಟಿ\ಜುಲೈ\214.ಪಿಡಿಎಫ್'. ಆಗ ಗೊತ್ತಾಯಿತು. ನಾನು ಕೋಡ್‌ನಲ್ಲಿ \ ಹಾಕಿ ಪಾತ್ (ಫೈಲಿನ ವಿಳಾಸ) ಜೋಡಿಸಿದ್ದೆ, ಡೇಟಾಬೇಸ್‌ಗೂ ಹಾಗೇ ಬರೆದಿದ್ದೆ. ಲಿನಕ್ಸ್‌ಗೆ \ ಅಂದರೆ ಫೋಲ್ಡರ್ ಬೇರೆ ಮಾಡುವ ಗುರುತಲ್ಲ, ಹೆಸರಿನ ಒಂದು ಅಕ್ಷರ ಅಷ್ಟೇ. ಹೊಸ ಚೀಟಿ ಆ ಉದ್ದ ಹೆಸರಲ್ಲೇ ಉಳಿದು, ಅದೇ ಹೆಸರಲ್ಲಿ ತೆರೆಯುತ್ತಿತ್ತು. ಹಳೆಯದು ನಿಜವಾದ ಫೋಲ್ಡರ್ ಒಳಗಿದ್ದರಿಂದ ಸಿಗುತ್ತಿರಲಿಲ್ಲ. ಹೊಸ ಚೀಟಿ ಉಳಿಸುವಾಗ ಎರರ್ ಬಂದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು, ಅಲ್ವಾ?

ಡೇಟಾಬೇಸ್‌ನಲ್ಲಿ ಎಲ್ಲ ಕಡೆ / ಮಾಡಿದೆ. ವಿಂಡೋಸ್‌ನಲ್ಲೂ ಜಾವಾ ಅದನ್ನು ಒಪ್ಪುತ್ತದೆ. ಕೋಡ್‌ನಲ್ಲಿ ಸ್ಟ್ರಿಂಗ್ ಕೂಡಿಸುವುದು ಬಿಟ್ಟು, ಜಾವಾ 7ರಿಂದ ಇರುವ ಪಾತ್ ಕ್ಲಾಸಿನ 'ರಿಸಾಲ್ವ್' ಬಳಸಿದೆ. ಸಿಸ್ಟಮ್ಮಿಗೆ ತಕ್ಕ ಗುರುತು ಹಾಕಿ ಅದೇ ಪಾತ್ ಜೋಡಿಸುತ್ತದೆ. ಹೊರಗಿನಿಂದ ಬಂದ ಹೆಸರಾದರೆ 'ನಾರ್ಮಲೈಸ್' ಮಾಡಿ, ಅಂದರೆ ಪಾತ್‌ನೊಳಗಿನ ಚುಕ್ಕಿಗಳನ್ನು ಬಿಡಿಸಿ, ನಮ್ಮ ಫೋಲ್ಡರ್ ಒಳಗೇ ಇದೆಯಾ ಅಂತ ನೋಡುತ್ತೇನೆ. ಎರಡು ಚುಕ್ಕಿ ಹಾಕಿ ಯಾರೂ ಮೇಲಿನ ಫೋಲ್ಡರ್‌ಗೆ ಹತ್ತಬಾರದು.

ಅವತ್ತೇ ಇನ್ನೊಂದು ದೊಡ್ಡ ಅಪಾಯ ಕಣ್ಣಿಗೆ ಬಿತ್ತು. ಅಪ್ಲಿಕೇಶನ್ ಡಿಸ್ಕಿನಲ್ಲಿ ಎಲ್ಲಿದೆ ಅಂತ ಹೇಳುವ 'ಗೆಟ್ ರಿಯಲ್ ಪಾತ್' ಕೊಟ್ಟ ಜಾಗದಲ್ಲಿ, ಅಂದರೆ ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸಾಫ್ಟ್‌ವೇರ್ ಆದ ಟಾಮ್‌ಕ್ಯಾಟ್ ಬಿಚ್ಚಿಟ್ಟ ಅಪ್ಲಿಕೇಶನ್ ಫೋಲ್ಡರ್ ಒಳಗೇ ಚೀಟಿಗಳನ್ನು ಇಟ್ಟಿದ್ದೆ. ಹೊಸ ವಾರ್ ಫೈಲ್ (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಒಂದೇ ಫೈಲು) ಹಾಕಿದರೆ ಆ ಫೋಲ್ಡರ್ ಪೂರ್ತಿ ಅಳಿದುಹೋಗುತ್ತದೆ. ವಾರ್ ಬಿಚ್ಚದೆ ಓಡಿಸಿದರೆ 'ಗೆಟ್ ರಿಯಲ್ ಪಾತ್' ಯಾವ ಜಾಗವನ್ನೂ ಹೇಳದೆ ನಲ್ (ಖಾಲಿ) ಕೊಡುತ್ತದೆ. ಚೀಟಿಗಳನ್ನೆಲ್ಲ ಬೇರೆ ಫೋಲ್ಡರ್‌ಗೆ ಸಾಗಿಸಿ, ಅದರ ವಿಳಾಸವನ್ನು ಟಾಮ್‌ಕ್ಯಾಟ್‌ನ ಸೆಟ್‌ಎನ್ವಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಕೊಟ್ಟೆ. ಡೇಟಾಬೇಸ್‌ನಲ್ಲಿ ಆ ವಿಳಾಸದ ನಂತರ ಬರುವ ಭಾಗ ಮಾತ್ರ ಇರುತ್ತದೆ. ಚೀಟಿಯ ಮಾದರಿ ಮಾತ್ರ ವಾರ್ ಒಳಗೇ ಉಳಿಯಿತು. ಅದನ್ನು 'ಗೆಟ್ ರಿಸೋರ್ಸ್ ಆಸ್ ಸ್ಟ್ರೀಮ್' ಮೂಲಕ ಓದುತ್ತೇನೆ. ಅಲ್ಲಿ ಯಾವ ಸಿಸ್ಟಮ್ ಆದರೂ / ಒಂದೇ.

ಮಧ್ಯಾಹ್ನದ ಹೊತ್ತಿಗೆ ಗುಮಾಸ್ತರು ಜುಲೈ ಚೀಟಿಗಳನ್ನು ಒಂದೊಂದಾಗಿ ಪ್ರಿಂಟ್ ತೆಗೆಯಲು ಶುರು ಮಾಡಿದರು.