ಸಣ್ಣ ಕಾರಿಗೆ ಹೊಸ ಅಲಾಯ್, ಹೊಸ ಟೈರ್: ನಾನು ಅಳೆದು ಆರಿಸುವ ಕ್ರಮ

ಅಲಾಯ್ ವೀಲ್ ಕೊಳ್ಳುವಾಗ ಹೆಚ್ಚಿನವರು ಮೊದಲು ನೋಡುವುದು ಡಿಸೈನ್. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಚಕ್ರದ ಸುತ್ತ ಎಷ್ಟು ಜಾಗವಿದೆ ಎಂಬುದರ ಮೇಲೆ ಟೈರಿನ ಸೈಜ್ ನಿಲ್ಲುತ್ತದೆ, ಟೈರಿನ ಮೇಲೆ ರಿಮ್ಮಿನ ಅಗಲ, ಅಗಲದ ಮೇಲೆ ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖ ಎಷ್ಟು ದೂರ ಎಂಬ ಅಳತೆ). ಇಷ್ಟೂ ಲೆಕ್ಕ ಮುಗಿದ ಮೇಲೆ ಉಳಿಯುವ ನಾಲ್ಕಾರು ರಿಮ್ಮುಗಳಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ತೆಗೆದುಕೊಂಡರೆ ಆಯಿತು.

ಮೊದಲ ಕೆಲಸ ಹಳೆಯ ಚಕ್ರ ಬಿಚ್ಚಿ ಅದರ ಬೆನ್ನು ನೋಡುವುದು. ಸ್ಟೀಲ್ ರಿಮ್ ಆದರೂ ಅಲಾಯ್ ಆದರೂ ಸಾಮಾನ್ಯವಾಗಿ ಅಲ್ಲಿ ಅಳತೆ ಅಚ್ಚಾಗಿರುತ್ತದೆ: 15×5.5 ಜೆ, ಇಟಿ 45 ಎಂಬಂತೆ. ಇದರಲ್ಲಿ 15 ರಿಮ್ಮಿನ ವ್ಯಾಸ, 5.5 ಅಗಲ, ಎರಡೂ ಇಂಚಿನಲ್ಲಿ; ಜೆ ಅಂಚಿನ ಆಕಾರದ ಗುರುತು, ಇಟಿ ಎಂದರೆ ಮಿ.ಮೀ. ಲೆಕ್ಕದ ಆಫ್‌ಸೆಟ್. ಅಚ್ಚು ಅಳಿಸಿಹೋಗಿದ್ದರೆ ರಿಮ್ಮನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಹಿಂಬದಿಯ ಅಂಚಿನ ಮೇಲೆ ನೇರವಾದ ಪಟ್ಟಿ ಇಟ್ಟು, ಪಟ್ಟಿಯಿಂದ ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ ನಡುಭಾಗ) ಕೂರುವ ಮುಖದವರೆಗಿನ ಆಳ ಅಳೆಯುತ್ತೇನೆ. ಆಮೇಲೆ ಅಂಚಿನಿಂದ ಅಂಚಿಗೆ ಪೂರ್ತಿ ಅಗಲ ಅಳೆದು ಅದರ ಅರ್ಧವನ್ನು ಆ ಆಳದಿಂದ ಕಳೆದರೆ ಸಿಗುವುದೇ ಆಫ್‌ಸೆಟ್. 5.5 ಇಂಚಿನ ರಿಮ್ಮಿನ ಪೂರ್ತಿ ಅಗಲ ಸುಮಾರು 165 ಮಿ.ಮೀ. ಬರುತ್ತದೆ. ಆಳ 127.5 ಇದ್ದರೆ 82.5 ಕಳೆದು 45.

ಪಿಸಿಡಿ, ಅಂದರೆ ನಟ್ಟಿನ ತೂತುಗಳ ನಡುಮಧ್ಯ ಹಾದುಹೋಗುವ ವೃತ್ತದ ವ್ಯಾಸ, ಅದರ ವಿಷಯದಲ್ಲಿ ಕಣ್ಣಂದಾಜು ಬೇಡ. ನಾಲ್ಕು ಸ್ಟಡ್ (ಹಬ್ಬಿನಿಂದ ಹೊರಚಾಚಿದ, ನಟ್ ಕೂರುವ ಕಡ್ಡಿ) ಇದ್ದರೆ ಎದುರುಬದುರಿನ ಎರಡರ ನಡುಮಧ್ಯದ ದೂರವೇ ಪಿಸಿಡಿ. ಐದು ಇದ್ದರೆ ಪಕ್ಕಪಕ್ಕದ ಎರಡರ ದೂರವನ್ನು 1.701ರಿಂದ ಗುಣಿಸಬೇಕು. ಇಲ್ಲಿ ನಿಜವಾಗಿ ಅಪಾಯಕಾರಿ ಜೋಡಿಯೆಂದರೆ 4×98 ಮತ್ತು 4×100 (ತೂತುಗಳ ಸಂಖ್ಯೆ × ಪಿಸಿಡಿ). ಪ್ರತಿ ತೂತಿಗೆ ವ್ಯತ್ಯಾಸ ಬರೀ 1 ಮಿ.ಮೀ., ಹಾಗಾಗಿ ಬಲವಾಗಿ ಬಿಗಿದರೆ ರಿಮ್ ಕೂತಂತೆಯೇ ಕಾಣುತ್ತದೆ. ಆದರೆ ಸ್ಟಡ್ ಅಥವಾ ಬೋಲ್ಟ್ ಓರೆಯಾಗಿ ಎಳೆಯಲ್ಪಟ್ಟಿರುತ್ತದೆ, ರಿಮ್ ಹಬ್ಬಿನ ಮಧ್ಯಕ್ಕೆ ಕೂತಿರುವುದಿಲ್ಲ. ಓಡುತ್ತಾ ನಟ್ ಸಡಿಲಾಗುತ್ತದೆ, ಕೊನೆಗೆ ಸ್ಟಡ್ ಮುರಿಯುತ್ತದೆ.

ಟೈರಿಗೆ ಬರೋಣ. ಕಂಪನಿಯ ಟೈರು 185/65 ಆರ್ 15 ಅಂದುಕೊಳ್ಳಿ. ಇದರಲ್ಲಿ 185 ಟೈರಿನ ಅಗಲ ಮಿ.ಮೀ.ನಲ್ಲಿ, 15 ರಿಮ್ಮಿನ ವ್ಯಾಸ ಇಂಚಿನಲ್ಲಿ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆಯ ಎತ್ತರ) 185ರ ಶೇಕಡಾ 65, ಅಂದರೆ 120.25 ಮಿ.ಮೀ. ಎರಡು ಸೈಡ್‌ವಾಲ್ ಮತ್ತು 15 ಇಂಚಿನ 381 ಸೇರಿ ಒಟ್ಟು ವ್ಯಾಸ 621.5. ಇದಕ್ಕೆ 16 ಇಂಚಿನಲ್ಲಿ ತುಂಬಾ ಹತ್ತಿರದ ಜೋಡಿ 195/55, ವ್ಯಾಸ 620.9. ಅಂಗಡಿಯಲ್ಲಿ 205/55 ಆರ್ 16 ಸುಲಭವಾಗಿ ಸಿಗುತ್ತದೆಂದು ಅದನ್ನೇ ತೋರಿಸುತ್ತಾರೆ. ಅದರ ವ್ಯಾಸ 631.9, ಶೇಕಡಾ 1.7ರಷ್ಟು ಹೆಚ್ಚು. ಶೇಕಡಾ 3ರವರೆಗೆ ನಡೆಯುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ, ಸಣ್ಣ ಕಾರಿನಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ವ್ಯಾಸ ಹೆಚ್ಚಾದಷ್ಟೂ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಕಡೆಗೆ ಸರಿಯುತ್ತದೆ, ಗೇರ್ ಉದ್ದವಾದಂತಾಗಿ ಪಿಕಪ್ ಇಳಿಯುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ ಲೈನರಿಗೆ ಉಜ್ಜುತ್ತದೆ. ನನ್ನ ಮಿತಿ ಒಂದೂವರೆ ಶೇಕಡಾ.

17 ಇಂಚಿನ ಆಸೆ ಇರುವವರಿಗೂ ಒಂದು ಲೆಕ್ಕ ಹೇಳಬೇಕು. 205/45 ಆರ್ 17ರ ಒಟ್ಟು ವ್ಯಾಸ 616.3, ಅದರಲ್ಲಿ ತೊಂದರೆಯಿಲ್ಲ. ಆದರೆ ಸೈಡ್‌ವಾಲ್ 120ರಿಂದ 92 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಹೊಡೆತ ತಡೆಯಬೇಕಾದ ರಬ್ಬರು ಅಷ್ಟೇ, ಮಿಕ್ಕಿದ್ದನ್ನು ರಿಮ್ಮಿನ ಅಂಚು ತಾಳಬೇಕು. ತೂಕವೂ ಮಧ್ಯದಿಂದ ಹೊರಕ್ಕೆ ಸರಿಯುತ್ತದೆ. ಸಣ್ಣ ಇಂಜಿನ್ನಿಗೆ ಅದನ್ನು ತಿರುಗಿಸುವುದೂ ಕಷ್ಟ, ನಿಲ್ಲಿಸುವುದು ಬ್ರೇಕಿಗೂ ಕಷ್ಟ. ಕೊಳ್ಳುವ ಮುಂಚೆ ಹಳೆಯ ರಿಮ್ಮನ್ನೂ ಹೊಸದನ್ನೂ ತಕ್ಕಡಿಗೆ ಹಾಕಿ ನೋಡಿ. ಒಂದೊಂದಕ್ಕೆ ಒಂದು ಕಿಲೋಗಿಂತ ಹೆಚ್ಚು ಏರಿದರೆ ನಾನು ಬೇರೆ ರಿಮ್ ಹುಡುಕುತ್ತೇನೆ.

ರಿಮ್ಮಿನ ಅಗಲಕ್ಕೂ ಆಫ್‌ಸೆಟ್ಟಿಗೂ ಒಟ್ಟಿಗೇ ಲೆಕ್ಕ ಹಾಕಬೇಕು, ಹೆಚ್ಚಿನ ಜನ ಎಡವುವುದು ಇಲ್ಲೇ. 195/55 ಟೈರು 5.5ರಿಂದ 7 ಇಂಚಿನವರೆಗಿನ ರಿಮ್ಮಿಗೆ ಕೂರುತ್ತದೆ, ಅದರ ಅಗಲವನ್ನು ಅಳೆಯುವುದು 6 ಇಂಚಿನ ಮೇಲೆ. ರಿಮ್ ಅರ್ಧ ಇಂಚು ಅಗಲವಾದಾಗಲೆಲ್ಲ ಟೈರು ಸುಮಾರು 5 ಮಿ.ಮೀ. ಹಿಗ್ಗುತ್ತದೆ. ಆದ್ದರಿಂದ ಹಳೆಯ 15×5.5, ಇಟಿ 45 ರಿಮ್ಮಿನ ಮೇಲಿನ 185ರ ಟೈರಿಗೆ ಹೋಲಿಸಿದರೆ, 16×6, ಇಟಿ 45 ಹಾಕಿದಾಗ ಟೈರು ಒಳಗೂ ಹೊರಗೂ ತಲಾ 5 ಮಿ.ಮೀ. ಮಾತ್ರ ಬೆಳೆಯುತ್ತದೆ. ಅದೇ 16×6.5, ಇಟಿ 40 ಆದರೆ ಒಳಗೆ 2.5, ಹೊರಗೆ 12.5. ರಿಮ್ಮಿನ ಅಂಚಂತೂ ಹೊರಕ್ಕೆ 17.7 ಮಿ.ಮೀ. ಬರುತ್ತದೆ, ಫುಟ್‌ಪಾತ್ ಕಲ್ಲಿಗೆ ಮೊದಲು ತಾಗುವುದು ಅದೇ. ಇಟಿ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ, ವೀಲ್ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ, ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ಎಳೆಯುವುದೂ ಹೆಚ್ಚು.

ಈ ಸಂಖ್ಯೆಗಳನ್ನು ಕಾರಿನ ಹತ್ತಿರ ತೆಗೆದುಕೊಂಡು ಹೋಗಿ ಹೋಲಿಸಬೇಕು. ಮುಂದಿನ ಚಕ್ರದಲ್ಲಿ ಟೈರಿನ ಒಳಮೈಗೂ ಸ್ಟ್ರಟ್ಟಿಗೂ (ಸಸ್ಪೆನ್ಷನ್ನಿನ ಕಂಬ) ಇರುವ ಸಂದು, ಹಿಂದಿನ ಚಕ್ರದಲ್ಲಿ ಟೈರಿಗೂ ಫೆಂಡರಿನ ಮಡಚಿದ ತುಟಿಗೂ ಇರುವ ಸಂದು, ಇವೆರಡು ಮುಖ್ಯ. ಒಳಗಡೆ ಕೊನೆಗೆ 5 ಮಿ.ಮೀ. ಆದರೂ ಉಳಿಯಲೇಬೇಕು. ಹೊರಗಡೆ ಉಜ್ಜಿದರೆ ಸದ್ದು ಕೇಳುತ್ತದೆ, ಒಳಗಡೆ ಸ್ಟ್ರಟ್ ಸೈಡ್‌ವಾಲನ್ನು ಸದ್ದಿಲ್ಲದೆ ಕೊಯ್ಯುತ್ತದೆ. ಹಿಂದಿನದನ್ನು ಖಾಲಿ ಕಾರಿನಲ್ಲಿ ಅಳೆದರೆ ಪ್ರಯೋಜನವಿಲ್ಲ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಭಾರ ಇಟ್ಟು ಅಳೆಯಿರಿ.

ಬ್ರೇಕ್ ಕ್ಯಾಲಿಪರ್ (ಬ್ರೇಕಿನ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಬೇರೆಯೇ ಪರೀಕ್ಷೆ. ಅಳತೆ ಎಲ್ಲ ಸರಿಯಿದ್ದೂ ಕಡ್ಡಿಗಳು ಒಳಕ್ಕೆ ಬಾಗಿದ ಡಿಸೈನ್ ಆಗಿದ್ದರೆ ಕ್ಯಾಲಿಪರಿಗೆ ತಾಗಬಹುದು. ಟೈರು ಏರಿಸುವ ಮುಂಚೆ ಬರೀ ರಿಮ್ಮನ್ನು ಹಬ್ಬಿಗೆ ಹಾಕಿಸಿ ನೋಡುತ್ತೇನೆ, ಯಾಕೆಂದರೆ ಟೈರು ಏರಿದ ರಿಮ್ಮನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದು ಅನುಮಾನ. ಕ್ಯಾಲಿಪರಿನ ಮೇಲೆ ಮಕ್ಕಳು ಆಡುವ ಕ್ಲೇ ಮೆತ್ತಿ, ನಟ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಬಿಚ್ಚಿ. ಕ್ಲೇ 3 ಮಿ.ಮೀ.ಗಿಂತ ತೆಳ್ಳಗೆ ಒತ್ತಿದ್ದರೆ ಆ ರಿಮ್ ಬೇಡ.

ನಡುವಿನ ತೂತಿನ ಕಥೆ ಹೀಗೆ. ಅನೇಕ ಕಾರುಗಳಿಗೆ ಹೊಂದಲೆಂದು ಮಾರುಕಟ್ಟೆಯ ರಿಮ್ಮುಗಳಲ್ಲಿ ಅದನ್ನು 67.1 ಅಥವಾ 73.1 ಮಿ.ಮೀ. ಇಡುತ್ತಾರೆ. ಹಬ್ ಮಾತ್ರ 54.1, 56.1, 57.1 ಹೀಗೆ ಇರುತ್ತದೆ. ಆ ಸಂದನ್ನು ತುಂಬುವ ಹಬ್ ರಿಂಗ್ ಹಾಕದಿದ್ದರೆ ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ವೇಗದಲ್ಲಿ ಸ್ಟಿಯರಿಂಗ್ ನಡುಗಬಹುದು. ಬ್ಯಾಲೆನ್ಸಿಂಗ್ ಯಂತ್ರ ರಿಮ್ಮನ್ನು ಮಧ್ಯದ ತೂತಿನಲ್ಲಿ ಹಿಡಿಯುತ್ತದೆ, ಕಾರು ಅದನ್ನು ನಟ್ಟಿನಲ್ಲಿ ಹಿಡಿಯುತ್ತದೆ, ಎರಡರ ಕೇಂದ್ರ ಒಂದೇ ಆಗಿರುವುದಿಲ್ಲ. ರಿಂಗ್ ಕೂರಿಸುವ ಮೊದಲು ಹಬ್ಬಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಹೊಸ ರಿಮ್ಮಿಗೆ ಹಳೆಯ ನಟ್ ಆಗುತ್ತದೆಂದು ತಿಳಿಯಬೇಡಿ. ಮಾರುಕಟ್ಟೆಯ ರಿಮ್ಮುಗಳಲ್ಲಿ ಹೆಚ್ಚಿನವಕ್ಕೆ 60 ಡಿಗ್ರಿ ಕೋನ್ ನಟ್ ಬೇಕು. ಹೋಂಡಾದ ಮೂಲ ನಟ್ಟಿನ ಬುಡ ಗುಂಡಗಿರುತ್ತದೆ, ಅದನ್ನು ಕೋನ್ ತೂತಿಗೆ ಹಾಕಿದರೆ ತೆಳುವಾದ ಒಂದು ಗೆರೆಯಷ್ಟೇ ತಾಗಿ ಬಿಗಿ ನಿಲ್ಲುವುದಿಲ್ಲ. ಮರೆಯಲ್ಲೂ (ನಟ್ಟು, ಸ್ಟಡ್ಡಿನ ತಿರುಪು ಗೆರೆ) ಎಚ್ಚರ: ಟೊಯೊಟಾ, ಹೋಂಡಾ ಸಣ್ಣ ಕಾರುಗಳಲ್ಲಿ ಎಂ12×1.5 (12 ಮಿ.ಮೀ. ದಪ್ಪ, ಗೆರೆಗಳ ಅಂತರ 1.5 ಮಿ.ಮೀ.), ಸುಜುಕಿ, ನಿಸ್ಸಾನ್‌ಗಳಲ್ಲಿ ಎಂ12×1.25. ತಪ್ಪು ನಟ್ ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ, ನಟ್ ಬಿಗಿಯುವ ಗನ್ ಹಿಡಿದರೆ ಸ್ಟಡ್ಡಿನ ಮರೆ ಹಾಳು. ಮೊದಲು ಕೈಯಿಂದಲೇ ತಿರುಗಿಸಿ. 1.5ರ ಮರೆಯಲ್ಲಿ ಕನಿಷ್ಠ 8 ಸುತ್ತು, 1.25ರಲ್ಲಿ 10 ಸುತ್ತು ಒಳಗೆ ಹೋಗಬೇಕು. ಹಬ್ಬಿಗೂ ರಿಮ್ಮಿಗೂ ನಡುವೆ ತೆಳುವಾದ ಸ್ಪೇಸರ್ ಬಿಲ್ಲೆ ತುರುಕುವವರು ಕಳೆದುಕೊಳ್ಳುವುದು ಈ ಸುತ್ತುಗಳನ್ನೇ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ, ಎದುರುಬದುರು ಕ್ರಮದಲ್ಲಿ, ಕೈಪಿಡಿಯಲ್ಲಿರುವ ಸಂಖ್ಯೆಗೆ. 100 ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡುತ್ತೇನೆ.

ಲೋಡ್ ಇಂಡೆಕ್ಸನ್ನು (ಟೈರು ಹೊರಬಲ್ಲ ಭಾರದ ಸಂಕೇತ ಸಂಖ್ಯೆ) ಯಾರೂ ಕೇಳುವುದಿಲ್ಲ, ಕೇಳಬೇಕು. 185/65 ಆರ್ 15ರಲ್ಲಿ ಸಾಮಾನ್ಯವಾಗಿ 88, ಅಂದರೆ ಟೈರಿಗೆ 560 ಕಿಲೋ. 195/55 ಆರ್ 16ರಲ್ಲಿ ಹಲವು 87, ಅಂದರೆ 545. ಟೈರು ಅಗಲವಾಯಿತು, ಹೊರುವ ಶಕ್ತಿ ಇಳಿಯಿತು. ಮೂಲ ಟೈರಿನದ್ದಕ್ಕೆ ಸಮ ಅಥವಾ ಹೆಚ್ಚು ಇರುವುದನ್ನೇ ಕೇಳಿ. ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಎಂದು ಅಚ್ಚಾದ 91 ಸಿಕ್ಕರೆ 615 ಕಿಲೋ, ಆದರೆ ಅಷ್ಟು ಹೊರಲು ಗಾಳಿಯೂ ಹೆಚ್ಚು ಬೇಕು. ರಿಮ್ಮಿನ ಬೆನ್ನಿಗೂ ತನ್ನದೇ ಗರಿಷ್ಠ ಭಾರದ ಅಚ್ಚು ಇರಬೇಕು, ಜೊತೆಗೆ ಜಪಾನಿನ ಜೆಡಬ್ಲ್ಯುಎಲ್ (ಅಲಾಯ್ ರಿಮ್ಮಿನ ಗುಣಮಟ್ಟ) ಗುರುತಿದ್ದರೆ ಒಳ್ಳೆಯದು. ಭಾರದ ಅಚ್ಚೇ ಇಲ್ಲದ ರಿಮ್ಮನ್ನು ಎಷ್ಟು ಅಗ್ಗವಾದರೂ ಮುಟ್ಟುವುದಿಲ್ಲ. ಟೈರಿನ ಪಕ್ಕದಲ್ಲಿ ಡಿಓಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 1424 ಎಂದರೆ 2024ರ 14ನೇ ವಾರ.

ಸ್ಟೆಪ್ನಿ ಹಳೆಯ ಸ್ಟೀಲ್ ರಿಮ್ಮೇ ಆಗಿ ಉಳಿಯುತ್ತದೆ. ವ್ಯಾಸ ಹತ್ತಿರವಿರುವುದರಿಂದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಓಡಿಸಲು ಅಡ್ಡಿಯಿಲ್ಲ. ಆದರೆ ಅದಕ್ಕೆ ಅಲಾಯ್ ನಟ್ ಸರಿಯಾಗಿ ಕೂರದೇ ಇರಬಹುದು, ಹಾಗಾಗಿ ಹಳೆಯ ನಟ್ಟುಗಳ ಒಂದು ಸೆಟ್ಟನ್ನು ಜ್ಯಾಕಿನ ಚೀಲದಲ್ಲೇ ಇಟ್ಟಿರಿ. ಹೊಸ ನಟ್ಟಿಗೆ ಬೇರೆ ಸೈಜಿನ ಸಾಕೆಟ್ ಬೇಕಿದ್ದರೆ ಅದನ್ನೂ.