ಬೆಂಗಳೂರು ಕರಗವನ್ನು ನೋಡುವ ಬಗೆ

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಹೂವಿನ ಕರಗವನ್ನು ನೋಡಬೇಕೆನ್ನುವವರು ಮೊದಲು ಹಗಲಿನಲ್ಲಿಯೇ ಚೆನ್ನಾಗಿ ನಿದ್ದೆ ಮಾಡಿಕೊಳ್ಳಬೇಕು. ಏಕೆಂದರೆ ಕರಗವು ಗುಡಿಯಿಂದ ಹೊರಬರುವುದು ಮಧ್ಯರಾತ್ರಿ ಕಳೆದ ಮೇಲೆ, ಮರಳುವುದು ಬೆಳಗಾದ ನಂತರ.

ವಾಹನವನ್ನು ಪೇಟೆಯೊಳಗೆ ತರುವ ಯೋಚನೆ ಬೇಡ. ಸಂಜೆ ಚಿಕ್ಕಪೇಟೆಯ ಮೆಟ್ರೊ ನಿಲ್ದಾಣದಲ್ಲಿಳಿದು ನಡೆದು ಬರಬಹುದು. ಹಿಂದಿರುಗಲು ಮಾತ್ರ ಬೇರೆ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಬೇಕು.

ಗುಡಿಯ ಬಾಗಿಲಲ್ಲಿಯೇ ನಿಲ್ಲುವ ಹಟ ಹಲವರಿಗಿರುತ್ತದೆ. ಮಕ್ಕಳು ಮತ್ತು ವಯಸ್ಸಾದವರೊಂದಿಗೆ ಬರುವವರಿಗೆ ಅದು ತಕ್ಕ ಜಾಗವಲ್ಲವೆಂಬುದು ನನ್ನ ಅಭಿಪ್ರಾಯ. ಮೆರವಣಿಗೆಯ ದಾರಿಯಲ್ಲಿ ಪರಿಚಿತರ ಮನೆಯ ಜಗಲಿಯೋ ಅಂಗಡಿಯ ಮೆಟ್ಟಿಲೋ ದೊರೆತರೆ ಅದೇ ಭಾಗ್ಯ. ಬರಿಮೈಯಲ್ಲಿ ಕತ್ತಿ ಹಿಡಿದ ವೀರಕುಮಾರರು "ಗೋವಿಂದಾ" ಎಂದು ಕೂಗುತ್ತ ಬಂದೊಡನೆ ದಾರಿ ಬಿಟ್ಟುಕೊಡಬೇಕು. ಅವರ ನಡುವೆ ಹೆಣ್ಣಿನ ಉಡುಗೆ ತೊಟ್ಟು, ಬಳೆಯಿಟ್ಟು, ಮಲ್ಲಿಗೆಯ ಗೋಪುರದಂತಹ ಕರಗವನ್ನು ಕೈಯಲ್ಲಿ ಮುಟ್ಟದೆ ತಲೆಯ ಮೇಲೆ ಹೊತ್ತ ಅರ್ಚಕರು ಅತಿ ವೇಗವಾಗಿ ಸಾಗುವುದರಿಂದ, ಫೋನಿನ ಪರದೆಯನ್ನು ನೋಡುತ್ತ ನಿಂತವರಿಗೆ ದರ್ಶನವೇ ತಪ್ಪುತ್ತದೆ. ತಿಗಳ ಸಮುದಾಯದವರು ದ್ರೌಪದಿಯನ್ನು ಆದಿಶಕ್ತಿಯಾಗಿ ಆರಾಧಿಸುವ ಸಂಪ್ರದಾಯವಿದು.

ನೂಕುನುಗ್ಗಲು ಒಗ್ಗದವರು ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾದ ಹತ್ತಿರ ಕಾಯಬಹುದು. ಅಲ್ಲಿಯೂ ಜನವಿರುತ್ತದೆ, ಆದರೆ ಕರಗವು ದರ್ಗಾಕ್ಕೆ ಬಂದು ಗೌರವ ಪಡೆದು ಮುಂದೆ ಸಾಗುವ ಆ ಕ್ಷಣವನ್ನು ಹತ್ತಿರದಿಂದ ಕಾಣಲು ನಾನು ಪ್ರತಿ ಬಾರಿಯೂ ಅಲ್ಲಿಗೇ ಹೋಗುತ್ತೇನೆ.