ಕಾಟ್ಲಿನ್‌ನಲ್ಲಿ ಕನ್ನಡ ಪದಗಳನ್ನು ಹೋಲಿಸುವ ಮುನ್ನ

ಕಾಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ್ಯಪ್ ಬರೆಯುವವರು ಕನ್ನಡದ ಎರಡು ಸ್ಟ್ರಿಂಗ್‌ಗಳನ್ನು (ಪಠ್ಯದ ತುಣುಕುಗಳನ್ನು) == ಹಾಕಿ ಹೋಲಿಸುವ ಮುನ್ನ ಎರಡನ್ನೂ ಜಾವಾದ ನಾರ್ಮಲೈಜರ್ ಮೂಲಕ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ತುಣುಕುಗಳನ್ನು ಕೂಡಿಸಿ ಬರೆಯುವ ಯೂನಿಕೋಡ್ ರೂಪಕ್ಕೆ) ತಂದುಕೊಳ್ಳಿ. ‘ಕೋಟೆ’ಯ ಮೊದಲ ಅಕ್ಷರವನ್ನೇ ನೋಡಿ: ಅದರ ಓಕಾರ ಒಂದೇ ಸಂಕೇತವಾಗಿಯೂ ಇರಬಹುದು, ಎಕಾರ, ಊಕಾರ, ದೀರ್ಘ ಎಂಬ ಮೂರು ತುಣುಕುಗಳಾಗಿಯೂ ಇರಬಹುದು. ತೆರೆಯ ಮೇಲೆ ಎರಡೂ ಒಂದೇ; ಆದರೆ == ಸಂಕೇತಗಳನ್ನು ಒಂದೊಂದಾಗಿ ತಾಳೆ ನೋಡುವುದರಿಂದ ಬೇರೆ ಎನ್ನುತ್ತದೆ. (ಸ್ವಿಫ್ಟ್ ಭಾಷೆಯ == ಇದನ್ನು ತಾನೇ ನೋಡಿಕೊಳ್ಳುತ್ತದೆ.) ‘ಬಸ್’ ಪದದ ಕೊನೆಯಲ್ಲಿ ಕಣ್ಣಿಗೆ ಕಾಣದಂತೆ ಕುಳಿತಿರಬಹುದಾದ ಜೀರೋ ವಿಡ್ತ್ ನಾನ್ ಜಾಯಿನರ್ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಸಂಕೇತ) ಮಾತ್ರ ಎನ್‌ಎಫ್‌ಸಿಗೂ ಜಗ್ಗುವುದಿಲ್ಲ. ಹೋಲಿಕೆಯ ಪ್ರತಿಯಲ್ಲಿ ಅದನ್ನು ರಿಪ್ಲೇಸ್‌ನಿಂದ ಕಿತ್ತುಹಾಕಿ. ಉಳಿಸಿಡುವ ಪಠ್ಯದಲ್ಲಿ ದಯವಿಟ್ಟು ಮುಟ್ಟಬೇಡಿ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ.